ಓಲೆಯೊಳಗಣ ವಿಷ

ಕಾಗದಪತ್ರವೆಂದರೆ ನಮ್ಮ ಜನಕ್ಕೆ ಹಿಂದಿನಿಂದಲೂ ಒಂದು ಬಗೆಯ ಭಯಭಕ್ತಿ. ಬಾಯಿಮಾತನ್ನು ಮರೆತರೂ ಮರೆತಾರು, ಬರಹವನ್ನು ಮಾತ್ರ ಟ್ರಂಕಿನ ತಳದಲ್ಲಿ ಬಟ್ಟೆ ಸುತ್ತಿಟ್ಟು ಕಾಪಾಡುವರು. ಜಮೀನಿನ ಪಹಣಿ, ಮಗಳ ಲಗ್ನಪತ್ರಿಕೆ, ಮಗನ ಅಂಕಪಟ್ಟಿ, ಜಾತಿ ಮತ್ತು ಆದಾಯದ ಪ್ರಮಾಣಪತ್ರ—ಇವುಗಳ ಬಲದಿಂದಲೇ ಎಷ್ಟೋ ಸಂಸಾರಗಳು ನಿಂತಿವೆ. 'ಕಾಗದದಲ್ಲಿ ಬಂದಿದೆ' ಎಂದರೆ ಸಾಕು, ಮುಂದೆ ವಾದವಿಲ್ಲ. ಈಗ ಕಾಗದದ ಜಾಗಕ್ಕೆ ಫೈಲು ಬಂದಿದೆ. ಪರೀಕ್ಷೆಯ ವೇಳಾಪಟ್ಟಿ, ವಿದ್ಯಾರ್ಥಿವೇತನದ ಅರ್ಜಿ, ಸರ್ಕಾರದ ಸುತ್ತೋಲೆ, ಸ್ನೇಹಿತನ ಮದುವೆಯ ಕರೆಯೋಲೆ ಎಲ್ಲವೂ ಮೊಬೈಲಿಗೋ ಕಂಪ್ಯೂಟರಿಗೋ ಫೈಲಾಗಿ ಬಂದು ಬೀಳುತ್ತವೆ. ಕಾಗದಕ್ಕೆ ಸಲ್ಲುತ್ತಿದ್ದ ನಂಬಿಕೆಯನ್ನೆಲ್ಲ ನಾವು ಏನೊಂದನ್ನೂ ವಿಚಾರಿಸದೆ ಈ ಫೈಲಿನ ಹೆಸರಿಗೆ ಖಾತೆ ಮಾಡಿಕೊಟ್ಟಿದ್ದೇವೆ. ಇದು ಎಷ್ಟು ಅಪಾಯದ ವ್ಯವಹಾರವೆಂಬುದನ್ನೂ, ಅನಾಹುತವಾದಾಗ ಅದರ ಹೊಣೆ ಯಾರ ಮೇಲಿರಬೇಕೆಂಬುದನ್ನೂ ನನ್ನ ಅಲ್ಪಮತಿಗೆ ತೋಚಿದಷ್ಟು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬರುವ ಚಂದ್ರಹಾಸನ ಕಥೆಯನ್ನು ಕೇಳದ ಕನ್ನಡಿಗರು ವಿರಳ. ಮಂತ್ರಿ ದುಷ್ಟಬುದ್ಧಿಯು ತನ್ನ ಮಗ ಮದನನಿಗೆ ಓಲೆಯೊಂದನ್ನು ಬರೆದು ಚಂದ್ರಹಾಸನ ಕೈಯಲ್ಲಿಯೇ ಕಳುಹಿಸುತ್ತಾನೆ. ತಂದವನಿಗೆ ವಿಷವನ್ನು ಕೊಡಬೇಕೆಂದು ಅದರಲ್ಲಿದೆ. ಒಯ್ಯುತ್ತಿರುವವನಿಗೆ ಒಳಗೇನಿದೆಯೆಂಬುದು ತಿಳಿಯದು. ಅವನು ಉದ್ಯಾನದಲ್ಲಿ ಮಲಗಿ ನಿದ್ರಿಸುತ್ತಿರುವಾಗ ಮಂತ್ರಿಯ ಮಗಳು ವಿಷಯೆಯು ಓಲೆಯನ್ನು ಬಿಚ್ಚಿ ಓದಿ, 'ವಿಷ'ವನ್ನು 'ವಿಷಯೆ'ಯಾಗಿ ತಿದ್ದುತ್ತಾಳೆ. ಮದನನಾದರೋ ತಂದೆಯ ಓಲೆಯೆಂದು ಕಂಡೊಡನೆ ಮರುಮಾತಿಲ್ಲದೆ ಅದರಲ್ಲಿದ್ದಂತೆ ನಡೆದು ತಂಗಿಯನ್ನು ಧಾರೆಯೆರೆದೇ ಕೊಡುತ್ತಾನೆ. ಕಥೆ ಸುಖವಾಗಿ ಮುಂದುವರಿಯಿತೆಂದು ನಾವು ಸಂತೋಷಪಡುತ್ತೇವೆ. ಆದರೆ ಓಲೆಯಲ್ಲಿ 'ವಿಷ'ವೆಂದೇ ಉಳಿದಿದ್ದರೂ ಮದನನು ಅಷ್ಟೇ ಶ್ರದ್ಧೆಯಿಂದ ಅದನ್ನೂ ನೆರವೇರಿಸುತ್ತಿದ್ದನೆಂಬುದನ್ನು ಮರೆಯಬಾರದು. ಕಂಪ್ಯೂಟರೆಂಬುದು ಇಂತಹ ಒಬ್ಬ ಮದನ. ಬರೆದವರು ಯಾರು, ಯಾವ ಉದ್ದೇಶದಿಂದ ಬರೆದರು ಎಂದು ಅದು ಕೇಳುವುದಿಲ್ಲ. ಬರೆದಂತೆ ಮಾಡಿ ಮುಗಿಸುತ್ತದೆ. ನಡುವೆ ನಿಂತು ಓದುವ ವಿಷಯೆಯೊಬ್ಬಳಿಲ್ಲದಿದ್ದರೆ ಚಂದ್ರಹಾಸನ ಗತಿಯೇನು?

ಕಾಗದಕ್ಕೂ ಫೈಲಿಗೂ ಇರುವ ವ್ಯತ್ಯಾಸವನ್ನು ಮೊದಲು ತಿಳಿಯಬೇಕು. ಕಾಗದವು ತನ್ನಷ್ಟಕ್ಕೆ ತಾನು ಏನನ್ನೂ ಮಾಡಲಾರದು. ಅದರಲ್ಲಿ ಬೈಗುಳವಿದ್ದರೆ ಓದಿದವನ ಮನಸ್ಸು ನೋಯಬಹುದು, ಆದರೆ ಅದು ಬೀರುವಿನ ಬೀಗ ತೆಗೆಯಲಾರದು. ಫೈಲು ಹಾಗಲ್ಲ. ವರ್ಡ್ ಎಂಬ ತಂತ್ರಾಂಶದಲ್ಲಿ ಮಾಡಿದ ಇಂದಿನ ಒಂದು ಫೈಲು ಹೊರಗೆ ಒಂದೇ ಪುಟದಂತೆ ಕಂಡರೂ ಒಳಗೆ ಹತ್ತಾರು ತುಂಡುಗಳನ್ನು ಕಟ್ಟಿಟ್ಟ ಗಂಟಾಗಿರುತ್ತದೆ. ಅಕ್ಷರಗಳು ಒಂದು ತುಂಡು, ಚಿತ್ರಗಳು ಇನ್ನೊಂದು, ಅಂದಚೆಂದದ ವಿವರ ಮತ್ತೊಂದು. ಇವುಗಳ ನಡುವೆ 'ಮ್ಯಾಕ್ರೋ' ಎಂಬ ಆಜ್ಞೆಗಳ ಸರಣಿಯನ್ನೂ ಸೇರಿಸಬಹುದು. ಹುಟ್ಟಿದಾಗ ಇದು ಉಪಕಾರಕ್ಕಾಗಿಯೇ ಹುಟ್ಟಿತು. ಲೆಕ್ಕದ ಗುಮಾಸ್ತರು ದಿನವೂ ಮಾಡಿದ್ದನ್ನೇ ಮಾಡುವ ಬೇಸರವನ್ನು ತಪ್ಪಿಸಲೆಂದು, ಹತ್ತು ಕೆಲಸಗಳನ್ನು ಒಂದೇ ಸಲಕ್ಕೆ ಮಾಡಿಸುವ ಏರ್ಪಾಡು ಅದು. ಆದರೆ ಮೊತ್ತ ಕೂಡಿಸು ಎಂಬ ಆಜ್ಞೆಯನ್ನು ಬರೆಯಬಹುದಾದ ಕಡೆ, ಕಳ್ಳರ ಮನೆಯಿಂದ ಇನ್ನೊಂದು ತಂತ್ರಾಂಶವನ್ನು ತರಿಸಿಕೊಂಡು ನಡೆಸು ಎಂಬ ಆಜ್ಞೆಯನ್ನೂ ಬರೆಯಬಹುದು. ಪಿ.ಡಿ.ಎಫ್. ಫೈಲುಗಳ ಒಳಗೂ ಆಜ್ಞೆಗಳನ್ನು ಅಡಗಿಸಲು ಅವಕಾಶವುಂಟು.

ಈ ಅಪಾಯ ನಿನ್ನೆ ಮೊನ್ನೆಯದಲ್ಲ. ೧೯೯೫ರಲ್ಲಿಯೇ 'ಕಾನ್ಸೆಪ್ಟ್' ಎಂಬ ವೈರಸ್ಸು ವರ್ಡ್ ಫೈಲುಗಳ ಮೂಲಕ ಹರಡಿತು. ಅದು ಯಾರ ಆಸ್ತಿಯನ್ನೂ ಹಾಳುಮಾಡಲಿಲ್ಲ; ಹೀಗೂ ಮಾಡಬಹುದು ಎಂದು ತೋರಿಸಿಕೊಟ್ಟಿತು, ಅಷ್ಟೆ. ದಾರಿ ಕಂಡ ಮೇಲೆ ನಡೆಯುವವರಿಗೇನು ಕೊರತೆ? ೧೯೯೯ರ ಮಾರ್ಚಿಯಲ್ಲಿ 'ಮೆಲಿಸ್ಸಾ' ಬಂದಿತು. ನೀವು ಕೇಳಿದ್ದ ಕಾಗದ ಇಲ್ಲಿದೆ ಎಂಬ ಅರ್ಥದ ಎರಡು ಸಾಲಿನೊಡನೆ ಪರಿಚಿತರ ಹೆಸರಿನಿಂದಲೇ ಅದು ಬರುತ್ತಿತ್ತು. ಫೈಲನ್ನು ತೆರೆದವರ ವಿಳಾಸಪುಸ್ತಕದಲ್ಲಿನ ಮೊದಲ ೫೦ ಮಂದಿಗೆ ಅದು ತನ್ನನ್ನು ತಾನೇ ಕಳುಹಿಸಿಕೊಳ್ಳುತ್ತಿತ್ತು. ಅದನ್ನು ಹರಿಯಬಿಟ್ಟ ಅಮೆರಿಕದ ಡೇವಿಡ್ ಸ್ಮಿತ್ ಎಂಬಾತನಿಗೆ ೨೦೦೨ರಲ್ಲಿ ೨೦ ತಿಂಗಳ ಸೆರೆವಾಸವಾಯಿತು. ೨೦೦೦ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸಿನಿಂದ ಹೊರಟ 'ಐ ಲವ್ ಯೂ' ಇನ್ನೂ ಜಾಣ. ಅದರ ಹೆಸರಿಗೆ ಎರಡು ಬಾಲಗಳಿದ್ದವು. ಮೊದಲನೆಯದು ಇದು ಬರಿಯ ಬರಹವೆಂದು ಹೇಳುತ್ತಿತ್ತು. ಇದು ಆಜ್ಞೆಗಳ ಸರಣಿಯೆಂದು ನಿಜ ನುಡಿಯುವ ಎರಡನೆಯ ಬಾಲವನ್ನು ವಿಂಡೋಸ್ ತಾನಾಗಿಯೇ ಮರೆಮಾಡುತ್ತಿತ್ತು. ಪ್ರೇಮಪತ್ರವೆಂದು ತೆರೆದವರು ಪ್ರಪಂಚದಲ್ಲೆಲ್ಲ ಲಕ್ಷಾಂತರ ಮಂದಿ. ಇಂತಹ ಕೃತ್ಯಕ್ಕೆ ಆಗ ಆ ದೇಶದಲ್ಲಿ ಕಾನೂನೇ ಇರಲಿಲ್ಲವಾಗಿ ಆರೋಪಿಯ ಮೇಲಿನ ಮೊಕದ್ದಮೆ ನಿಲ್ಲಲಿಲ್ಲ.

ಒಳಗೆ ಆಜ್ಞೆಯನ್ನು ಅಡಗಿಸುವುದು ಒಂದು ವಿಧವಾದರೆ, ಓದುವ ತಂತ್ರಾಂಶದಲ್ಲಿಯೇ ಇರುವ ಬಿರುಕನ್ನು ಹುಡುಕಿ ಒಳನುಗ್ಗುವುದು ಇನ್ನೊಂದು ವಿಧ. ವರ್ಡಿನಲ್ಲಿ ಗಣಿತದ ಸಮೀಕರಣಗಳನ್ನು ಬರೆಯಲು ಒಂದು ಚಿಕ್ಕ ಉಪಕರಣವಿತ್ತು. ೨೦೦೦ದಲ್ಲಿ ಸಿದ್ಧವಾದ ಅದರೊಳಗೆ ಒಂದು ದೋಷವಿದ್ದಿತು. ಅದು ಬೆಳಕಿಗೆ ಬಂದು ತೇಪೆ ಬಿದ್ದದ್ದು ೨೦೧೭ರ ನವೆಂಬರಿನಲ್ಲಿ. ಮರುವರ್ಷದ ಜನವರಿಯಲ್ಲಿ ಆ ಉಪಕರಣವನ್ನೇ ತೆಗೆದುಹಾಕಿದರು. ಹದಿನೇಳು ವರ್ಷ ಮನೆಯ ಹಿಂಬಾಗಿಲು ತೆರೆದಿದ್ದರೂ ಮನೆಯವರಿಗೆ ತಿಳಿಯಲಿಲ್ಲ! ೨೦೨೨ರ ಮೇ ತಿಂಗಳಲ್ಲಿ 'ಫೋಲಿನಾ' ಎಂದು ಹೆಸರುಗೊಂಡ ಮತ್ತೊಂದು ಬಿರುಕು ಬಯಲಾಯಿತು. ಅದಕ್ಕೆ ಮ್ಯಾಕ್ರೋವೂ ಬೇಕಿರಲಿಲ್ಲ. ಕೆಲವು ಬಗೆಯ ಫೈಲುಗಳಲ್ಲಂತೂ ಪೂರ್ತಿ ತೆರೆಯದೆ ಇಣುಕಿ ನೋಡಿದರೂ ಸಾಕಾಗಿತ್ತು. ಅದಕ್ಕೆ ಪರಿಹಾರ ಬರುವಷ್ಟರಲ್ಲಿ ಜೂನ್ ತಿಂಗಳ ನಡುಭಾಗವಾಗಿತ್ತು. ಅಷ್ಟು ದಿನವೂ 'ಎಚ್ಚರಿಕೆಯಿಂದಿರಿ' ಎಂಬ ಉಪದೇಶದಿಂದ ಸಾಮಾನ್ಯ ಓದುಗನಿಗೆ ಏನು ಸಹಾಯವಾದೀತು? ಈ ಪ್ರಶ್ನೆಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ನನ್ನ ವಾದವೆಲ್ಲ ಇದರ ಮೇಲೆ ನಿಂತಿದೆ.

ಒಂದು ಫೈಲಿನಿಂದ ಆಗುವ ಕೇಡು ಎಷ್ಟರದು ಎಂದು ಮೂಗು ಮುರಿಯುವವರೂ ಉಂಟು. ಅಂತಹವರು ಉಕ್ರೇನಿನ ಕಥೆಯನ್ನು ಕೇಳಬೇಕು. ಅಲ್ಲಿನ ವಿದ್ಯುತ್ ಕಂಪೆನಿಗಳ ನೌಕರರಿಗೆ ಬಂದ ಮ್ಯಾಕ್ರೋ ತುಂಬಿದ ಫೈಲುಗಳಿಂದ ಒಳಹೊಕ್ಕವರು ತಿಂಗಳುಗಟ್ಟಲೆ ಹೊಂಚುಹಾಕಿ, ೨೦೧೫ರ ಡಿಸೆಂಬರ್ ೨೩ರಂದು ಸುಮಾರು ೨,೨೫,೦೦೦ ಗ್ರಾಹಕರ ದೀಪವನ್ನು ಆರಿಸಿದರು. ನೆರೆಯ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿಗೆ ೨೦೧೫ರ ಆರಂಭದಲ್ಲಿ ಕೆಲಸ ಬೇಡುವ ಬಡಪಾಯಿಯಂತೆ ಒಬ್ಬನು ಕಾಗದ ಬರೆದು, ತನ್ನ ಸ್ವವಿವರದ ಫೈಲಿಗೆ ದಾರಿ ತೋರಿಸಿದ್ದನು. ಮರುವರ್ಷದ ಫೆಬ್ರವರಿಯಲ್ಲಿ ಆ ಬ್ಯಾಂಕಿನ ಹೆಸರಿನಲ್ಲಿ ಸುಮಾರು ೯೫ ಕೋಟಿ ಡಾಲರುಗಳನ್ನು ಸಾಗಿಸಲು ಆಜ್ಞೆಗಳು ಹೊರಟವು. ೮ ಕೋಟಿ ೧೦ ಲಕ್ಷ ಡಾಲರು ಮನಿಲಾ ಸೇರಿತು. ಶ್ರೀಲಂಕಾಕ್ಕೆ ಹೊರಟಿದ್ದ ೨ ಕೋಟಿ ಡಾಲರು ಉಳಿದುದು ಕಳ್ಳರು ಒಂದು ಇಂಗ್ಲಿಷ್ ಪದದ ಕಾಗುಣಿತವನ್ನು ತಪ್ಪಿದ್ದರಿಂದ. ಕಾಗುಣಿತದ ಮಹತ್ವವನ್ನು ನಮಗೆ ದಿನವೂ ಬೋಧಿಸುವ ಭಾಷಾ ಅಧ್ಯಾಪಕರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ!

ನಮ್ಮ ದೇಶದೊಳಗಿನದೇ ಒಂದು ಸಂಗತಿಯನ್ನು ಹೇಳುವುದಾದರೆ, ಧರ್ಮಶಾಲೆಯಲ್ಲಿರುವ ದಲಾಯಿ ಲಾಮಾ ಅವರ ಕಚೇರಿಯ ಕಂಪ್ಯೂಟರುಗಳಿಗೆ ಇಂತಹ ಫೈಲುಗಳ ಮೂಲಕ ಗೂಢಚಾರರು ಹೊಕ್ಕಿದ್ದರೆಂದು ಕೆನಡಾದ ಟೊರಾಂಟೋದ ಸಂಶೋಧಕರು ೨೦೦೯ರಲ್ಲಿ ಪ್ರಕಟಿಸಿದರು. ಆ ಜಾಲದಲ್ಲಿ ೧೦೩ ದೇಶಗಳ ೧,೨೯೫ ಕಂಪ್ಯೂಟರುಗಳು ಸಿಕ್ಕಿಬಿದ್ದಿದ್ದವು. ಬಳಿಕ ಟಿಬೆಟನ್ನರ ಸಂಘಟನೆಯೊಂದು ತನ್ನ ಜನರಲ್ಲಿ ಒಂದು ಆಂದೋಲನವನ್ನು ಹೂಡಿತು. ಲಗತ್ತುಗಳನ್ನು ಕಳುಹಿಸಬೇಡಿ, ಬಂದ ಲಗತ್ತುಗಳನ್ನು ತೆರೆಯಬೇಡಿ ಎಂಬುದೇ ಅದರ ತಿರುಳು. ಇಂಗ್ಲಿಷಿನಲ್ಲಿ ಲಗತ್ತಿಗೂ ಸಂಸಾರದ ಅಂಟಿಗೂ ಒಂದೇ ಶಬ್ದವಾದ್ದರಿಂದ, ಅಂಟನ್ನು ಬಿಡಿರೆಂಬ ಬುದ್ಧನ ಉಪದೇಶವೇ ಅವರಿಗೆ ಘೋಷಣೆಯಾಗಿ ಒದಗಿಬಂದಿತು. ಬೈಲುಕುಪ್ಪೆ, ಮುಂಡಗೋಡುಗಳಲ್ಲಿ ಭಿಕ್ಷುಗಳನ್ನು ಕಂಡು ಬಲ್ಲ ನಮಗೆ ಇದರ ಸ್ವಾರಸ್ಯ ಬೇಗ ಮನಸ್ಸಿಗೆ ಹತ್ತುತ್ತದೆ.

ಇಷ್ಟೆಲ್ಲಕ್ಕಿಂತಲೂ ನಮ್ಮಂತಹ ವಿದ್ಯಾರ್ಥಿಗಳು ಗಮನವಿಟ್ಟು ಓದಬೇಕಾದುದು ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಪ್ರಕರಣವನ್ನು. ೨೦೧೯ರ ಅಕ್ಟೋಬರ್ ೧೫ ಮತ್ತು ೧೬ರಂದು ಅಲ್ಲಿನವರು ಮೋಸದ ಇ-ಮೇಲುಗಳನ್ನು ತೆರೆದರು. ಅವುಗಳಲ್ಲಿದ್ದ ದಾರಿಯನ್ನು ಹಿಡಿದರೆ ಮ್ಯಾಕ್ರೋ ಇದ್ದ ಒಂದು ಎಕ್ಸೆಲ್ ಫೈಲು ಸಿಗುತ್ತಿತ್ತು. ಅಂದು ಏನೂ ಆಗಲಿಲ್ಲ. ಮರುದಿನವೂ ಪಾಠಗಳು ನಡೆದವು, ಗ್ರಂಥಾಲಯ ತೆರೆಯಿತು. ಕಳ್ಳರು ಮಾತ್ರ ಒಳಗೆ ಕುಳಿತು ಒಂದೊಂದೇ ಕೋಣೆಯ ಬೀಗದಕೈಯನ್ನು ಸಂಪಾದಿಸುತ್ತಿದ್ದರು. ಕಾಲಕಾಲಕ್ಕೆ ಆಗಬೇಕಾದ ದುರಸ್ತಿಯನ್ನು ಕಾಣದ ಯಂತ್ರವೊಂದು ನವೆಂಬರಿನಲ್ಲಿ ಅವರಿಗೆ ಪೂರ್ಣ ಅಧಿಕಾರವನ್ನು ದೊರಕಿಸಿತು. ಡಿಸೆಂಬರ್ ೨೩ರಂದು, ಕ್ರಿಸ್‌ಮಸ್ ರಜೆಯ ಹೊಸ್ತಿಲಲ್ಲಿ, ೨೬೭ ಸರ್ವರುಗಳಲ್ಲಿದ್ದ ಮಾಹಿತಿಯನ್ನು ಯಾರೂ ಓದಲಾರದಂತೆ ಬೀಗ ಜಡಿದರು. ಆಪತ್ತಿಗೆಂದು ಇಟ್ಟಿದ್ದ ನಕಲುಗಳಲ್ಲಿಯೂ ಕೆಲವು ಅದೇ ಜಾಲದಲ್ಲಿದ್ದುದರಿಂದ ಅವಕ್ಕೂ ಬೀಗ ಬಿದ್ದಿತು. ಪರೀಕ್ಷೆಗಳೂ ವರ್ಷಗಟ್ಟಲೆ ನಡೆಸಿದ ಸಂಶೋಧನೆಯೂ ನೀರುಪಾಲಾಗುವುದನ್ನು ಕಂಡ ವಿಶ್ವವಿದ್ಯಾಲಯವು ಕೊನೆಗೆ ೩೦ ಬಿಟ್‌ಕಾಯಿನ್‌ಗಳನ್ನು, ಅಂದರೆ ಆಗಿನ ಬೆಲೆಯಲ್ಲಿ ಸುಮಾರು ೨ ಲಕ್ಷ ಯೂರೋಗಳನ್ನು, ಕಪ್ಪವಾಗಿ ತೆತ್ತು ಬೀಗದಕೈ ಪಡೆಯಿತು.

ಇದರ ಮುಂದಿನ ಭಾಗ ಇನ್ನೂ ಮುಖ್ಯವಾದುದು. ವಿಶ್ವವಿದ್ಯಾಲಯವು ಅವಮಾನವಾಯಿತೆಂದು ಬಾಗಿಲು ಹಾಕಿಕೊಂಡು ಕೂರಲಿಲ್ಲ. ತಜ್ಞರಿಂದ ತನಿಖೆ ಮಾಡಿಸಿ, ೨೦೨೦ರ ಫೆಬ್ರವರಿಯಲ್ಲಿ ಸಭೆ ಕರೆದು, ನಡೆದದ್ದನ್ನೆಲ್ಲ ದಿನಾಂಕ ಸಹಿತ ಲೋಕದ ಮುಂದಿಟ್ಟಿತು. ಅದರಿಂದಲೇ ನಾನು ಇಲ್ಲಿ ಕುಳಿತು ಈ ವಿವರಗಳನ್ನು ಬರೆಯುವಂತಾಗಿದೆ. ಕಪ್ಪದ ಹಣದಲ್ಲಿ ಒಂದು ಪಾಲನ್ನು ಅಲ್ಲಿನ ಪೊಲೀಸರು ಪತ್ತೆಮಾಡಿ ತಡೆಹಿಡಿದಿದ್ದರು. ಹಿಡಿದಾಗ ಸುಮಾರು ೪೦,೦೦೦ ಯೂರೋ ಇದ್ದ ಅದರ ಬೆಲೆ ೨೦೨೨ರ ಹೊತ್ತಿಗೆ ಸುಮಾರು ೫ ಲಕ್ಷಕ್ಕೆ ಏರಿತ್ತು. ಹಣದ ಅಡಚಣೆಯಲ್ಲಿರುವ ವಿದ್ಯಾರ್ಥಿಗಳ ನಿಧಿಗೆ ಅದನ್ನು ವಿನಿಯೋಗಿಸುವುದಾಗಿ ವಿಶ್ವವಿದ್ಯಾಲಯವು ಪ್ರಕಟಿಸಿತು. ಕಳ್ಳನ ಗಂಟು ಬಡ ವಿದ್ಯಾರ್ಥಿಯ ಶುಲ್ಕವಾದ ಇಂತಹ ಸಂದರ್ಭ ಪುರಾಣಗಳಲ್ಲಿಯೂ ಅಪರೂಪ.

ಈಗ ಮೂಲ ಪ್ರಶ್ನೆಗೆ ಬರೋಣ. ತಪ್ಪು ಯಾರದು? ಎಲ್ಲ ಕಡೆಯೂ ಸಿದ್ಧವಾಗಿ ಸಿಗುವ ಉತ್ತರ ಒಂದೇ: ಫೈಲನ್ನು ತೆರೆದವನದು. 'ನೋಡಿ ತೆರೆಯಬಾರದಾಗಿತ್ತೇ? ಕಣ್ಣಿರಲಿಲ್ಲವೇ?' ಎಂದು ಅವನ ಮೇಲೆ ಬೀಳುವುದು ಸುಲಭ. ಈ ಉತ್ತರವನ್ನು ನಾನು ಒಪ್ಪಲಾರೆ. ಕಾರಣಗಳನ್ನು ಹೇಳುತ್ತೇನೆ.

ಪ್ರವೇಶ ವಿಭಾಗದ ಗುಮಾಸ್ತರ ಕೆಲಸವೇನು? ಅಪರಿಚಿತರು ಕಳುಹಿಸಿದ ಅರ್ಜಿಗಳನ್ನು ತೆರೆಯುವುದು. ಅಧ್ಯಾಪಕರ ಕೆಲಸವೇನು? ನೂರಾರು ವಿದ್ಯಾರ್ಥಿಗಳು ಕಳುಹಿಸುವ ಪ್ರಬಂಧಗಳನ್ನು ತೆರೆದು ಓದುವುದು. ತೆರೆಯುವುದಕ್ಕೆಂದೇ ಸಂಬಳ ಕೊಟ್ಟು ಕೂರಿಸಿ, ತೆರೆದದ್ದಕ್ಕೆ ಛೀಮಾರಿ ಹಾಕುವುದು ಯಾವ ನ್ಯಾಯ? ನೂರು ಫೈಲುಗಳಲ್ಲಿ ತೊಂಬತ್ತೊಂಬತ್ತು ಸಾಚಾ ಆಗಿರುವಾಗ ನೂರನೆಯದನ್ನು ಮುಖ ನೋಡಿಯೇ ಗುರುತಿಸಬೇಕೆಂದರೆ ಅವರೇನು ಅಂತರ್ಜ್ಞಾನಿಗಳೇ?

ತಂತ್ರಾಂಶವನ್ನು ಮಾಡಿ ಮಾರಿದವರ ವಿಚಾರವನ್ನೂ ನೋಡಬೇಕು. ಮ್ಯಾಕ್ರೋ ಎಂಬ ಕತ್ತಿಗೆ ಎರಡೂ ಕಡೆ ಅಲಗಿದೆಯೆಂದು ೧೯೯೫ರಲ್ಲಿಯೇ ಲೋಕಕ್ಕೆ ತಿಳಿಯಿತು. ಹೊರಗಿನಿಂದ ಬಂದ ಫೈಲುಗಳಲ್ಲಿನ ಮ್ಯಾಕ್ರೋಗಳನ್ನು ತಾನಾಗಿಯೇ ತಡೆಯುವ ಏರ್ಪಾಡನ್ನು ಮೈಕ್ರೋಸಾಫ್ಟ್ ಕಂಪೆನಿಯು ಜಾರಿಗೆ ತಂದದ್ದು ೨೦೨೨ರಲ್ಲಿ. ನಡುವಿನ ಇಪ್ಪತ್ತೇಳು ವರ್ಷಗಳಲ್ಲಿ ಎಚ್ಚರಿಕೆಯ ಮಾತೊಂದನ್ನು ತೋರಿಸುತ್ತ, ಪಕ್ಕದಲ್ಲಿಯೇ ಅದನ್ನು ದಾಟುವ ಗುಂಡಿಯನ್ನೂ ಇರಿಸಿದ್ದರು. ಕಳ್ಳರು ಫೈಲಿನ ಮೊದಲ ಪುಟದಲ್ಲಿಯೇ 'ಈ ಕಾಗದ ಸರಿಯಾಗಿ ಕಾಣಬೇಕಾದರೆ ಮೇಲಿನ ಗುಂಡಿಯನ್ನು ಒತ್ತಿರಿ' ಎಂದು ವಿನಯದಿಂದ ಬರೆದರು, ಜನರು ಒತ್ತಿದರು. ದೊಡ್ಡ ಕಚೇರಿಗಳ ಅನುಕೂಲಕ್ಕೆ ಅಡ್ಡಿಯಾಗದಿರಲೆಂದು ಗುಂಡಿಯನ್ನು ಇಟ್ಟವರ ಮೇಲೆ ದೂರಿಲ್ಲ, ಒತ್ತಿದ ಬಡಗುಮಾಸ್ತನ ಮೇಲೆ ದೂರು! ತಡೆ ಬಂದ ಮೇಲೆ ಕಳ್ಳರು ಬೇರೆ ಬಗೆಯ ಫೈಲುಗಳಿಗೆ ಹೊರಳಿಕೊಂಡರೆಂಬುದು ನಿಜ. ಆದರೂ ಅಷ್ಟು ವರ್ಷಗಳ ಹೆದ್ದಾರಿಯೊಂದು ಮುಚ್ಚಿತೆಂಬುದೂ ಅಷ್ಟೇ ನಿಜ. ಅದನ್ನು ಮುಚ್ಚಲು ಶಕ್ತಿಯಿದ್ದವರು ಯಾರೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಕಾರಣವು ವ್ಯಾವಹಾರಿಕವಾದುದು. ಬೈಗುಳಕ್ಕೆ ಹೆದರಿದವನು ಸುದ್ದಿಯನ್ನು ಮುಚ್ಚಿಡುತ್ತಾನೆ. ಮಾಸ್ಟ್ರಿಕ್ಟಿನಲ್ಲಿ ಮೊದಲ ಇ-ಮೇಲಿಗೂ ಬೀಗ ಬಿದ್ದ ದಿನಕ್ಕೂ ನಡುವೆ ಎರಡು ತಿಂಗಳಿಗೂ ಹೆಚ್ಚು ಕಾಲವಿತ್ತು. ಅಷ್ಟು ಕಾಲದಲ್ಲಿ ಎಲ್ಲಿಯೋ ಒಂದು ಕಡೆ ಯಾರಾದರೂ ಸಂಶಯಪಟ್ಟು ಬಾಯಿಬಿಟ್ಟು ಹೇಳಿದರೆ, ಕೇಳುವವರು ಕೇಳಿದರೆ, ಇಂತಹ ಅನಾಹುತಗಳು ತಪ್ಪುವ ಸಂಭವವುಂಟು. ನಮ್ಮ ದೇಶದಲ್ಲಿಯೂ ಸರ್ಟ್-ಇನ್ ಎಂಬ ಸರ್ಕಾರಿ ಸಂಸ್ಥೆಯು ೨೦೨೨ರ ಏಪ್ರಿಲಿನಲ್ಲಿ ಹೊರಡಿಸಿದ ನಿರ್ದೇಶನದಂತೆ, ಇಂತಹ ಘಟನೆಗಳನ್ನು ಅರಿತ ೬ ಗಂಟೆಗಳೊಳಗೆ ವರದಿ ಮಾಡಬೇಕು. ಹಣ ಹೋದವರು ೧೯೩೦ ಎಂಬ ಸಂಖ್ಯೆಗೆ ಎಷ್ಟು ಬೇಗ ಕರೆ ಮಾಡಿದರೆ ಹಣ ಉಳಿಯುವ ಭರವಸೆ ಅಷ್ಟು ಹೆಚ್ಚು. ಕಾನೂನು ಗಂಟೆಗಳ ಲೆಕ್ಕದಲ್ಲಿ ಮಾತಾಡುತ್ತಿದೆ. ನಮ್ಮ ಕಚೇರಿಗಳ ಭಯವಾದರೋ ವಾರಗಳ ಲೆಕ್ಕದ್ದು. ಮೇಲಧಿಕಾರಿಗಳ ಮುಖ ನೋಡಿ, ಒಳ್ಳೆಯ ಗಳಿಗೆ ನೋಡಿ, 'ಸಾರ್, ಏನೋ ಒಂದು ಒತ್ತಿಬಿಟ್ಟೆ' ಎಂದು ಹೇಳುವಷ್ಟರಲ್ಲಿ ಊರು ಕೊಳ್ಳೆ ಹೋಗಿರುತ್ತದೆ. ಆಮೇಲೆ ಕೋಟೆಯ ಬಾಗಿಲು ಹಾಕಿ ಫಲವೇನು?

ಶಿಕ್ಷೆಯಿಲ್ಲದಿದ್ದರೆ ಜನ ಸಡಿಲವಾಗುವರೆಂದು ಕೆಲವರು ಆಕ್ಷೇಪಿಸಬಹುದು. ಈ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ತಿಳಿದೂ ತಿಳಿದೂ ನಿಯಮವನ್ನು ಮುರಿದವನನ್ನು, ನಡೆದದ್ದನ್ನು ಮುಚ್ಚಿಟ್ಟವನನ್ನು ಪ್ರಶ್ನಿಸಲೇಬೇಕು. ಆದರೆ ಮೋಸಹೋದವನು ಬೇರೆ, ಮೋಸಮಾಡಿದವನು ಬೇರೆ. ಹೇಳಿದವನಿಗೆ ಅಭಯ, ಮುಚ್ಚಿಟ್ಟವನಿಗೆ ದಂಡ ಎಂಬುದು ನನಗೆ ತೋರುವ ನೀತಿ. ಈಗ ನಡೆಯುತ್ತಿರುವುದು ಇದಕ್ಕೆ ತೀರ ವಿರುದ್ಧ. ಹೇಳಿದವನು ಸಿಕ್ಕಿಬೀಳುತ್ತಾನೆ, ಮುಚ್ಚಿಟ್ಟವನು ಪಾರಾಗುತ್ತಾನೆ.

'ನಮ್ಮಂತಹ ಬಡ ಸರ್ಕಾರಿ ಕಾಲೇಜಿನಲ್ಲಿ ಕದಿಯಲು ಏನಿದೆ?' ಎಂಬುದು ಇನ್ನೊಂದು ಆಕ್ಷೇಪ. ಏನಿಲ್ಲ? ವಿದ್ಯಾರ್ಥಿವೇತನ ಜಮೆಯಾಗುವ ಬ್ಯಾಂಕ್ ಖಾತೆಯ ಸಂಖ್ಯೆ, ಆಧಾರ್, ತಂದೆಯ ಆದಾಯ, ಅಂಕಪಟ್ಟಿ, ಮೊಬೈಲ್ ಸಂಖ್ಯೆ—ನಮ್ಮ ಬಾಳಿನ ಗಂಟೆಲ್ಲ ಕಚೇರಿಯ ಆ ಎರಡು ಕಂಪ್ಯೂಟರುಗಳಲ್ಲಿದೆ. ಶ್ರೀಮಂತನ ಖಾತೆಯಿಂದ ಹತ್ತು ಸಾವಿರ ಹೋದರೆ ಅವನಿಗೆ ಒಂದು ದಿನದ ಸಿಡುಕು. ಹಾಸ್ಟೆಲಿನ ಹುಡುಗಿಯ ವಿದ್ಯಾರ್ಥಿವೇತನ ಹೋದರೆ ಅವಳ ಓದೇ ನಿಂತೀತು. ಕಚೇರಿಯ ಮಾತು ಹಾಗಿರಲಿ, ನಮ್ಮ ಕೈಯಲ್ಲಿರುವ ಮೊಬೈಲಿಗೂ ಕಳ್ಳರು ಬಂದಾಗಿದೆ. ಮದುವೆಯ ಕರೆಯೋಲೆಯೆಂಬ ಹೆಸರಿನಲ್ಲಿ ವಾಟ್ಸಾಪಿಗೆ ಬರುವ ಫೈಲುಗಳ ವಿಷಯದಲ್ಲಿ ೨೦೨೪ರಲ್ಲಿ ಹಿಮಾಚಲ ಪ್ರದೇಶವೇ ಮೊದಲಾದ ಕಡೆಗಳ ಪೊಲೀಸರು ಎಚ್ಚರಿಕೆ ಕೊಟ್ಟರು. ಅದು ಕರೆಯೋಲೆಯೇ ಅಲ್ಲ, 'ಎ.ಪಿ.ಕೆ.' ಎಂದು ಕೊನೆಗೊಳ್ಳುವ, ಮೊಬೈಲಿನಲ್ಲಿ ಬೇರೂರುವ ಆ್ಯಪು. ಮದುವೆಗೆ ಕರೆದರೆ ಹೋಗದಿರಬಾರದೆಂಬ ನಮ್ಮ ಮರ್ಯಾದೆಯನ್ನೇ ಗಾಳದ ಹುಳುವಾಗಿ ಮಾಡಿಕೊಂಡ ಜಾಣ್ಮೆ ಅದು.

ಬರಿಯ ಟೀಕೆಯಿಂದ ಪ್ರಯೋಜನವಿಲ್ಲ. ಏನು ಮಾಡಬೇಕೆಂಬುದನ್ನೂ ಹೇಳಬೇಕು. ನಮ್ಮ ಕಾಲೇಜಿನ ಮಟ್ಟಿಗೆ, ಖರ್ಚಿಲ್ಲದೆ ನಾಳೆಯೇ ಮಾಡಬಹುದಾದ ಕೆಲವನ್ನು ಪ್ರಿನ್ಸಿಪಾಲರ ಮತ್ತು ಗುರುಗಳ ಮುಂದೆ ವಿನಯಪೂರ್ವಕವಾಗಿ ಇಡುತ್ತೇನೆ.

ಮೊದಲನೆಯದಾಗಿ, ಬರಿಯ ಮಾತಿನಲ್ಲಿ ಹೇಳಬಹುದಾದುದನ್ನು ಫೈಲಿನಲ್ಲಿ ಕಳುಹಿಸಬಾರದು. 'ನಾಳೆ ರಜೆ' ಎಂಬ ಎರಡು ಪದಗಳಿಗೆ ಒಂದು ಲಗತ್ತು ಏತಕ್ಕೆ? ಇದಕ್ಕೊಂದು ಇತಿಹಾಸವಿದೆ. 'ನುಡಿ', 'ಬರಹ' ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಕನ್ನಡವು, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಯಾವುದೋ ಕಾಣದ ದೇಶದ ಲಿಪಿಯಂತೆ ತೋರುತ್ತಿತ್ತು. ಹಾಗಾಗಿ ಕನ್ನಡದ ಪ್ರತಿಯೊಂದು ಸಾಲನ್ನೂ ಫೈಲಿನಲ್ಲಿ ಸುತ್ತಿ ಕಳುಹಿಸುವುದು ಅನಿವಾರ್ಯವಾಗಿತ್ತು. ಯೂನಿಕೋಡ್ ಬಂದ ಮೇಲೆ ಕನ್ನಡವು ಎಲ್ಲ ಮೊಬೈಲುಗಳಲ್ಲಿಯೂ ನೇರವಾಗಿ ಓದಲು ಸಿಗುತ್ತದೆ. ಕಾರಣ ಹೋದರೂ ರೂಢಿ ಉಳಿದಿದೆ. ಸೂಚನೆಯನ್ನು ಪತ್ರದ ಒಡಲಲ್ಲಿಯೇ ಬರೆದರೆ ಅದರಲ್ಲಿ ಮ್ಯಾಕ್ರೋ ಅಡಗಲು ತಾವೇ ಇಲ್ಲ. ಎಲ್ಲಕ್ಕೂ ಮಿಗಿಲಾಗಿ, ನಮ್ಮ ಕಚೇರಿ ಎಂದೂ ಅನಾವಶ್ಯಕವಾದ ಲಗತ್ತನ್ನು ಕಳುಹಿಸುವುದಿಲ್ಲವೆಂಬುದು ಎಲ್ಲರಿಗೂ ಮನವರಿಕೆಯಾದರೆ, ಕಚೇರಿಯ ಹೆಸರಿನಲ್ಲಿ ಬಂದ ಕಳ್ಳ ಲಗತ್ತು ತಾನಾಗಿಯೇ ಎದ್ದು ಕಾಣುತ್ತದೆ.

ಎರಡನೆಯದಾಗಿ, ಕಾಲೇಜಿನ ಯಾವ ಅರ್ಜಿಯೂ ಯಾವ ಪಟ್ಟಿಯೂ ಓದುಗನಿಂದ ಗುಂಡಿಯೊತ್ತಿಸುವ ಮ್ಯಾಕ್ರೋವನ್ನು ಹೊಂದಿರಕೂಡದೆಂದು ನಿಶ್ಚಯಿಸಿ ಸೂಚನಾ ಫಲಕದಲ್ಲಿ ಹಾಕಬೇಕು. ಅನುಮತಿ ಬೇಡುವ ಫೈಲು ಯಾವುದೇ ಇರಲಿ, ಅದು ನಮ್ಮದಲ್ಲವೆಂದು ಮೊದಲ ವರ್ಷದ ವಿದ್ಯಾರ್ಥಿಯೂ ಹೇಳುವಂತಿರಬೇಕು.

ಮೂರನೆಯದಾಗಿ, ಕಂಪ್ಯೂಟರುಗಳಿಗೆ ಕಾಲಕಾಲಕ್ಕೆ ಬರುವ ತೇಪೆಗಳನ್ನು ಹಾಕಿಸುವ ಹೊಣೆ ಒಬ್ಬರಿಗೆ ಹೆಸರು ಹಿಡಿದು ಒಪ್ಪಿತವಾಗಬೇಕು. ಫೈಲುಗಳ ಹೆಸರಿನ ಬಾಲ ಪೂರ್ತಿ ಕಾಣುವಂತೆ ಮಾಡಿಡಬೇಕು. ವಾರಕ್ಕೊಮ್ಮೆ ಮುಖ್ಯ ದಾಖಲೆಗಳ ನಕಲನ್ನು ಬೇರೆ ಡಿಸ್ಕಿನಲ್ಲಿ ತೆಗೆದು, ತಂತಿಯ ಸಂಬಂಧವಿಲ್ಲದೆ ಬೀರುವಿನಲ್ಲಿಟ್ಟು ಬೀಗ ಹಾಕಬೇಕು. ಮಾಸ್ಟ್ರಿಕ್ಟಿನವರು ೨ ಲಕ್ಷ ಯೂರೋ ಶುಲ್ಕ ತೆತ್ತು ಕಲ್ತ ಪಾಠವಿದು. ನಮಗೆ ಬಿಟ್ಟಿಯಾಗಿ ಸಿಕ್ಕಿದೆ.

ಕೊನೆಯದಾಗಿ, ಅನುಮಾನದ ಫೈಲನ್ನು ತೆರೆದವರು ಅಂದೇ ಬಂದು ಹೇಳಲು ಒಂದು ಜಾಗ, ಕೇಳಲು ಒಬ್ಬ ಸಹನಶೀಲರು ಇರಬೇಕು. ಹೇಳಿದವರ ಹೆಸರನ್ನು ಎಲ್ಲಿಯೂ ಎತ್ತಿಯಾಡುವುದಿಲ್ಲವೆಂದು ಪ್ರಿನ್ಸಿಪಾಲರು ತಾವೇ ಸಭೆಯಲ್ಲಿ ಒಂದು ಮಾತು ಆಡಿದರೆ, ಅದು ಸಾವಿರ ರೂಪಾಯಿಯ ತಂತ್ರಾಂಶಕ್ಕಿಂತ ಹೆಚ್ಚು ರಕ್ಷಣೆಯನ್ನು ಕೊಡುತ್ತದೆ.

ಇದೆಲ್ಲ ವಿಜ್ಞಾನದವರ ಕೆಲಸ, ಕಲಾ ವಿಭಾಗದ ನಮಗೇಕೆ ಈ ಉಸಾಬರಿ ಎಂದು ಸಹಪಾಠಿಗಳು ಕೇಳಿಯಾರು. ನನಗೆ ಹಾಗೆ ತೋರುವುದಿಲ್ಲ. ಬರಹವನ್ನು ಕಂಡಕೂಡಲೇ ನಂಬದೆ ಪರೀಕ್ಷಿಸುವುದು ನಮ್ಮ ವಿದ್ಯೆಯ ತಿರುಳಲ್ಲವೇ? ಚರಿತ್ರೆಯ ತರಗತಿಯಲ್ಲಿ ಕೂಟಶಾಸನಗಳ ವಿಚಾರವನ್ನು ಓದಿದ್ದೇವೆ. ಇಲ್ಲದ ಭೂಮಿಯನ್ನು ಇದೆಯೆನ್ನಿಸಲು, ಬಾರದ ಹಕ್ಕನ್ನು ಬರಿಸಿಕೊಳ್ಳಲು, ರಾಜರ ಹೆಸರಿನಲ್ಲಿ ಸುಳ್ಳು ತಾಮ್ರಪಟಗಳನ್ನು ಕೆತ್ತಿಸಿದವರು ಹಿಂದೆಯೂ ಇದ್ದರು. ಗಂಗರ ಹಲವು ತಾಮ್ರಪಟಗಳು ಕೂಟವೆಂದು ಜೆ. ಎಫ್. ಫ್ಲೀಟ್ ಅವರು ವಾದಿಸಿದರು, ಬಿ. ಎಲ್. ರೈಸ್ ಅವರು ಅದನ್ನು ಒಪ್ಪಲಿಲ್ಲ. ಇಬ್ಬರೂ ಲಿಪಿಯನ್ನು, ತಿಥಿಯನ್ನು, ಭಾಷೆಯನ್ನು ಅಳೆದು ತೂಗಿ ವಾದಿಸಿದರೇ ಹೊರತು, ತಾಮ್ರ ಹೊಳೆಯುತ್ತದೆಯೆಂದು ಯಾರೂ ಸುಮ್ಮನೆ ಕೈಮುಗಿಯಲಿಲ್ಲ. ಬರೆದವರು ಯಾರು, ಯಾರಿಗೆ, ಯಾವ ಲಾಭಕ್ಕೆ, ಇಂದೇ ಏಕೆ—ಈ ನಾಲ್ಕು ಪ್ರಶ್ನೆಗಳನ್ನು ಶಾಸನಕ್ಕೆ ಕೇಳಬಲ್ಲವರು ಮೊಬೈಲಿಗೆ ಬಂದ ಫೈಲಿಗೂ ಕೇಳಬಲ್ಲರು. ಉತ್ತರ ಸಿಗದಿದ್ದರೆ ಕಳುಹಿಸಿದವರಿಗೆ ಒಂದು ಕರೆ ಮಾಡಿ ವಿಚಾರಿಸುವುದಕ್ಕೆ ಯಾವ ಪದವಿಯೂ ಬೇಕಿಲ್ಲ.

ಆದರೂ ಓದುಗನ ವಿವೇಕವೊಂದನ್ನೇ ನೆಚ್ಚಿ ಕೂರುವುದು ಸರಿಯಲ್ಲವೆಂಬುದನ್ನು ಮತ್ತೊಮ್ಮೆ ಒತ್ತಿ ಹೇಳುತ್ತೇನೆ. ಬಾವಿಗೆ ಕಟ್ಟೆಯಿಲ್ಲದ ಊರಿನಲ್ಲಿ ಬಿದ್ದವರನ್ನೆಲ್ಲ ಕುರುಡರೆಂದು ಬಯ್ಯುವುದು ಮುಗಿಯುವ ಕೆಲಸವಲ್ಲ. ನೋಡಿ ನಡೆಯಿರೆಂದು ಹೇಳಲಿ, ಹೇಳುವುದು ತಪ್ಪಲ್ಲ. ಅದರೊಡನೆ ಕಟ್ಟೆಯನ್ನೂ ಕಟ್ಟಲಿ. ಕಟ್ಟುವ ಶಕ್ತಿ ತಂತ್ರಾಂಶ ಮಾಡುವವರಿಗಿದೆ, ಸರ್ಕಾರಕ್ಕಿದೆ, ನಮ್ಮ ಮಟ್ಟಿಗೆ ನಮ್ಮ ಕಾಲೇಜಿಗೂ ಇದೆ. ಬಿದ್ದವನು ಕೂಗಿದಾಗ ಹಗ್ಗ ಇಳಿಬಿಡುವ ಮನಸ್ಸು ಮಾತ್ರ ನಮ್ಮೆಲ್ಲರಲ್ಲಿಯೂ ಇರಬೇಕು. ಮುಂದಿನ ಪ್ರವೇಶದ ಕಾಲದಲ್ಲಿ ಸಾವಿರಾರು ಫೈಲುಗಳು ನಮ್ಮ ಕಚೇರಿಗೆ ಬರಲಿವೆ. ಅವುಗಳನ್ನು ತೆರೆಯುವವರು ನಮ್ಮವರೇ. ಅವರು ನಿರ್ಭಯವಾಗಿ ತೆರೆಯುವಂತೆ, ಅನುಮಾನ ಬಂದರೆ ನಿರ್ಭಯವಾಗಿ ಹೇಳುವಂತೆ ಏರ್ಪಾಡು ಮಾಡಿಕೊಳ್ಳಲು ಈಗಿನಿಂದ ಬೇಸಿಗೆಯ ರಜೆಯವರೆಗೆ ಬೇಕಾದಷ್ಟು ಕಾಲವಿದೆ.